ಅಲುಗದ ಅಂಕಿ

ಸಿಂಧನೂರಿನ ಬಸವಂತರಾಯರು ತಮ್ಮ ರೈಸ್ ಮಿಲ್ಲಿಗೆ ಕಂಪ್ಯೂಟರ್ ತಂದದ್ದು ತೊಂಬತ್ತೊಂಬತ್ತರಲ್ಲಿ. ಭತ್ತದ ಆವಕದಿಂದ ಬಾಯ್ಲರಿನ ಒತ್ತಡದವರೆಗೆ ಎಲ್ಲ ನೋಡಿಕೊಳ್ಳುವ ಪ್ರೋಗ್ರಾಮನ್ನು ಹೈದರಾಬಾದಿನ ಕಂಪನಿಯೊಂದು ಜಾವಾದಲ್ಲಿ ಬರೆದುಕೊಟ್ಟಿತ್ತು. ಅದರ ಮುಂದೆ ಕೂರುವವಳು ಲಿಂಗಸುಗೂರಿನಲ್ಲಿ ಕೋರ್ಸ್ ಮುಗಿಸಿದ ಕನಕಮ್ಮ. ಬಾಯ್ಲರಿಗೆ ಹೊಟ್ಟು ಹಾಕಿ ಉರಿ ಕಾಯುವವನು ಅವಳ ಗಂಡ ಯಂಕೋಬ. ಒತ್ತಡ ಮಿತಿ ಮೀರಿ ಏರಿದರೂ ತೀರ ಇಳಿದರೂ ಸೈರನ್ ಕೂಗುತ್ತದೆ, ಏರಿದಾಗ ಅವನು ಬೆಂಕಿ ತಗ್ಗಿಸುತ್ತಾನೆ. ಗಂಡನ ಜೀವ ಪರದೆಯ ಅಂಕಿಯ ಕೈಯಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು.

ದೀಪಾವಳಿಗೆ ತವರು ಪಾಮನಕಲ್ಲೂರಿಗೆ ಹೋದವಳು ಪಾಡ್ಯದ ಬೆಳಿಗ್ಗೆ ಮಸ್ಕಿಯಲ್ಲಿ ಬಸ್ಸು ಬದಲಿಸಿ ಮಿಲ್ಲಿಗೆ ಬಂದಾಗ ಬಾಯ್ಲರ್ ಆಗಲೇ ಉರಿಯುತ್ತಿತ್ತು. ದಢೇಸುಗೂರಿನ ಭತ್ತ ನೆನೆದು ಕೂತಿತ್ತು, ಬೇಯಿಸದಿದ್ದರೆ ನಾರುತ್ತದೆ. ಕಂಪ್ಯೂಟರಿನ ಮೇಲೂ ಕೀಬೋರ್ಡಿನ ಮೇಲೂ ಚೆಂಡುಹೂವಿನ ಸರ ಇತ್ತು. ಆಚೆ ಯಂಕೋಬ ಭತ್ತಕ್ಕೆ ಉಗಿ ಬಿಟ್ಟ ಸದ್ದು ಕೇಳಿಸಿತು. ಉಗಿ ಬಿಟ್ಟಾಗ ಅಂಕಿ ಇಳಿಯಬೇಕು. ಇಳಿಯಲಿಲ್ಲ. ಇನ್ನೊಮ್ಮೆ ಬಿಟ್ಟಾಗಲೂ ಅಲ್ಲೇ ನಿಂತಿತ್ತು.

ಬಾಯ್ಲರಿಗೆ ಮುಳ್ಳಿನ ಮೀಟರೂ ಇತ್ತು. ಅದಕ್ಕೆ ವಿಭೂತಿ ಬಳಿದು, ಕುಂಕುಮ ಮೆತ್ತಿ, ಮುಳ್ಳು ಕಾಣದ ಹಾಗೆ ಮಾಡಿದ್ದರು. ಪೂಜೆ ಇಳಿಸುವತನಕ ಒರೆಸುವ ಹಾಗಿಲ್ಲ. ಭಕ್ತಿ ಎಂದರೆ ಕಣ್ಣು ಮುಚ್ಚುವುದೆಂದು ಮೀಟರಿಗೂ ಕಲಿಸಿದ್ದರು ಪುಣ್ಯಾತ್ಮರು.

"ಬೆಂಕಿ ತಗಿಸ್ರಿ ಸಾವ್ಕಾರ್ರ, ಅಂಕಿ ಅಲುಗವಲ್ದು," ಎಂದಳು.

ಬಸವಂತರಾಯರು ಪರದೆಗೆ ಕಣ್ಣು ಹಾಯಿಸಿ, ಅಂಕಿ ಚೆನ್ನಾಗಿಯೇ ಇದೆ, ಸುಮ್ಮನೆ ಯಾಕೆ ಹೆದರುತ್ತೀ ಎಂದರು. ಬೆಂಕಿ ತೆಗೆದರೆ ಭತ್ತ ಹೋಯಿತಲ್ಲ ಎಂಬುದು ಅವರ ಚಿಂತೆ.

ಕನಕಮ್ಮ ಬಾಯ್ಲರಿನಿಂದ ಬರುವ ತಂತಿ ನೋಡಿದಳು, ನೆಟ್ಟಗಿತ್ತು. ಮೌಸಿನಿಂದಲೇ ಪ್ರೋಗ್ರಾಮು ಬಿಚ್ಚಿದಳು. ಸೈರನ್ ಕೂಗಿಸುವ ಭಾಗ ತನ್ನ ಮೀಟರನ್ನು ತಾನೇ ಹುಡುಕಿಕೊಳ್ಳುವುದಿಲ್ಲ. ಅತ್ತೆ ತೆಗೆದುಕೊಟ್ಟ ಸಾಮಾನಿನಲ್ಲೇ ಅಡಿಗೆ ಮಾಡುವ ಹೊಸ ಸೊಸೆಯ ಹಾಗೆ, ಹೊರಗಿನಿಂದ ಯಾವ ಮೀಟರ್ ಕೊಟ್ಟರೂ ಅದನ್ನೇ ನಂಬುತ್ತದೆ. ಹಾಗಾದರೆ ಕೊಟ್ಟಿದ್ದೇನು? ಸೆಟ್ಟಿಂಗಿನ ಫೈಲಿನಲ್ಲಿ ಒಂದು ಸಾಲು ಸಿಕ್ಕಿತು. ಬಾಯ್ಲರಿನ ಮೀಟರಿನ ಜಾಗದಲ್ಲಿ ಪರೀಕ್ಷೆಗೆಂದು ಕಂಪನಿಯವರು ಮಾಡಿಕೊಂಡಿದ್ದ ಸುಳ್ಳು ಮೀಟರ್ ಕೂತಿತ್ತು. ಅದು ಯಾವಾಗಲೂ ಒಂದೇ ಅಂಕಿ ಹೇಳುತ್ತದೆ.

ಆಗ ಸಾವ್ಕಾರರಿಗೆ ನೆನಪಾಯಿತು. ಅಮಾವಾಸ್ಯೆಯ ದಿನ ಬಾಯ್ಲರ್ ತಣ್ಣಗಿದ್ದದ್ದಕ್ಕೆ ಲಕ್ಷ್ಮೀಪೂಜೆಯ ನಡುವೆಯೇ ಸೈರನ್ ಕೂಗಿತ್ತಂತೆ. ಅಪಶಕುನವೆಂದು ಇವರು ಚಡಪಡಿಸಿದಾಗ, ಪೂಜೆಗೆ ಬಂದಿದ್ದ ಹೈದರಾಬಾದಿನ ಕಂಪನಿಯವನು ಏನೋ ಬದಲಿಸಿ ಅದರ ಬಾಯಿ ಮುಚ್ಚಿಸಿದನಂತೆ. ಇವರು ಕರ್ಚಿಕಾಯಿ ಕಟ್ಟಿಕೊಟ್ಟು ಕಳಿಸಿದ್ದರು.

ಅವಳು ಕೀಬೋರ್ಡಿನ ಮೇಲಿನ ಹೂವಿಗೆ ಕೈ ಹಾಕಿದಾಗ, "ಪೂಜಿ ಇಳಸೂಮಟ ಮುಟ್ಟಬ್ಯಾಡವಾ," ಎಂದರು ಸಾವ್ಕಾರರು.

"ಅಲ್ಲಿ ನಮ್ಮ ಮನಿಯವರು ಅದಾರ್ರಿ."

ಹೂವು ಸರಿಸಿ ಸಾಲು ತಿದ್ದಿ ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡಿದಳು. ನಿಜವಾದ ಅಂಕಿ ಬಂತು. ಕೆಂಪು ಗೆರೆ ದಾಟಿ ಎಷ್ಟೋ ಮೇಲಿತ್ತು. ಸೈರನ್ ಕಿರುಚಿತು, ಹಮಾಲರೆಲ್ಲ ಹೊರಗೆ ಓಡಿದರು. ಯಂಕೋಬ ಓಡಲಿಲ್ಲ. ಒತ್ತಡ ಮಿತಿಮೀರಿದಾಗ ತಾನಾಗಿಯೇ ಬಿಚ್ಚಿಕೊಳ್ಳಬೇಕಾದ ವಾಲ್ವು ಬಿಚ್ಚಿರಲಿಲ್ಲ. ಅದರ ಸನ್ನೆಗೋಲಿಗೆ ದೃಷ್ಟಿ ತಾಗದಿರಲೆಂದು ಬೂದುಗುಂಬಳಕಾಯಿ ಕಟ್ಟಿದ್ದರು, ಅದರ ಭಾರಕ್ಕೆ ಏಳಲಾಗದೆ ಬಿದ್ದಿತ್ತು. ಅವನು ಏಣಿ ಹತ್ತಿ ಕುಡಗೋಲಿನಿಂದ ಹಗ್ಗ ಕೊಯ್ದ.

ಶೆಡ್ಡು ಉಗಿಯಿಂದ ಬೆಳ್ಳಗಾಯಿತು. ಪರದೆಯ ಅಂಕಿ ಸರಸರನೆ ಇಳಿಯಿತು. ಎಲ್ಲ ಸರಿಹೋಯಿತೆಂದು ಬಸವಂತರಾಯರು ಕೈ ಮುಗಿದರು. ಅಂಕಿ ಈಗ ನಿಜವನ್ನೇ ಹೇಳುತ್ತಿತ್ತು. ಆದರೆ ಅದಕ್ಕೆ ಗೊತ್ತಿದ್ದದ್ದು ಉಗಿಯ ಸುದ್ದಿ ಮಾತ್ರ. ಯಂಕೋಬನ ಸುದ್ದಿ ಹೇಳುವ ಮೀಟರನ್ನು ಅದಕ್ಕೆ ಯಾರೂ ಕೊಟ್ಟಿರಲಿಲ್ಲ.

ಗಂಡನ ಹೆಸರನ್ನು ಎಂದೂ ಬಾಯಿಗೆ ತಾರದವಳು ಆ ಹೆಸರನ್ನೇ ಕೂಗುತ್ತ ಉಗಿಯೊಳಗೆ ಓಡಿದಳು. ಯಾರೂ ಓ ಎನ್ನಲಿಲ್ಲ. ಏಣಿಯ ಬುಡದಲ್ಲಿ ಅವನು ಬಿದ್ದಿದ್ದ, ಎರಡೂ ತೋಳು ಬೆಂದಿದ್ದವು, ಕಣ್ಣು ಮುಚ್ಚಿದ್ದವು. ಕನಕಮ್ಮ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಅದು ಏರಿತು, ಇಳಿಯಿತು, ಮತ್ತೆ ಏರಿತು. ಆಸ್ಪತ್ರೆಯ ಗಾಡಿ ಬರುವವರೆಗೂ ಅವಳು ಆ ಕೈ ತೆಗೆಯಲಿಲ್ಲ.