ಬೀಗಿತ್ತಿಗಾಗಿ ಕಲಿತ ಬೆಲರೂಸಿ

"ಬೀಗಿತ್ತಿಗೆ 'ಕೊಡುವುದಿಲ್ಲ' ಅಂತ ಯಾವ ಭಾಷೆಯಲ್ಲಿ ಹೇಳುವುದು?"

ಅಪೊಲೋನಿಯಾ ಬಾಯಿ ಇದನ್ನು ಯಾರನ್ನೂ ಕೇಳಿರಲಿಲ್ಲ. ಕಾರ್ಕಳದ ಮನೆಯ ಅಡುಗೆಕೋಣೆಯಲ್ಲಿ, ತುರಿಮಣೆಯ ಮೇಲೆ ಕುಳಿತು ಅರ್ಧ ಕಾಯಿಯನ್ನು ತಿರುಗಿಸುತ್ತ ತಮ್ಮಷ್ಟಕ್ಕೆ ಅಂದದ್ದು. ಆದರೆ ಜಗಲಿಯಲ್ಲಿ ಪೇಪರು ಹಿಡಿದಿದ್ದ ಗಂಡ ಬ್ಯಾಪ್ಟಿಸ್ಟ್ ಪೊರ್ಬುಗಳ ಕಿವಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಪಳಗಿದ ಕಿವಿ. ಮೂವತ್ತು ವರ್ಷ ಉಡುಪಿ ಬಸ್ಸುಗಳ ಏಜೆಂಟರಾಗಿದ್ದವರು.

"ಮೊದಲು ಅವರು ಬಸ್ಸಿಂದ ಇಳಿಯಲಿ ಮಾರಾಯ್ತಿ," ಎಂದರು. "ಈಗಲೇ ಜಗಳಕ್ಕೆ ಸೀಟು ಹಿಡಿಯಬೇಡ."

ಮಗ ಆಲ್ಫೋನ್ಸ್ ಇಂಜಿನಿಯರಿಂಗ್ ಕಲಿಯಲು ರಷ್ಯಾಕ್ಕೆಂದು ಹೋಗಿ, ಅದರ ಪಕ್ಕದ ಬೆಲರೂಸಿ ನಾಡಿನ ಮಿನ್ಸ್ಕ್ ಎಂಬ ಊರಿನಿಂದ ಒಂದು ಡಿಗ್ರಿಯನ್ನೂ ಹಾಲಿನಾ ಎಂಬ ಹೆಂಡತಿಯನ್ನೂ ತಂದಿದ್ದ. ಈಗ ನಿಟ್ಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಹಾಲಿನಾ ಚೊಚ್ಚಲ ಬಸುರಿ, ಆರು ತಿಂಗಳು ತುಂಬುತ್ತ ಬಂದಿತ್ತು. ಅವಳ ತಾಯಿ ಯಾದ್ವಿಗಾ ಅಷ್ಟು ದೂರದ ಹ್ರೋದ್ನಾ ಊರಿನಿಂದ ಬರುತ್ತಿದ್ದರು. ಬಂದು ಮಗಳನ್ನು ಬಾಣಂತನಕ್ಕೆ ತಮ್ಮಲ್ಲಿಗೆ ಕರೆದುಕೊಂಡು ಹೋಗುವವರಿದ್ದರು.

ಅಪೊಲೋನಿಯಾ ಬಾಯಿಯ ಸಂಕಟ ಇದೇ. ಮೊಮ್ಮಗುವಿನ ಮೊದಲ ಅಳು ತಮ್ಮ ಮನೆಯಲ್ಲೇ ಕೇಳಬೇಕು ಎಂದು ಅವರಿಗೆ ಆಸೆ. ಬೇಡವೆನ್ನೋಣವೆಂದರೆ, ಏಳನೇ ತಿಂಗಳಲ್ಲಿ ತಾಯಿ ಬಂದು ಮಗಳನ್ನು ಕರೆದುಕೊಂಡು ಹೋಗುವುದು ಅಪ್ಪಟ ನಮ್ಮ ಕರಾವಳಿಯ ಪದ್ಧತಿ. ಆ ಹೆಂಗಸಿಗೆ ಇದನ್ನು ಯಾರು ಕಲಿಸಿದರೋ!

"ಮಣಿಪಾಲದಂಥ ಆಸ್ಪತ್ರೆ ಇಲ್ಲೇ ಉಂಟು. ಬಸುರಿ ಹುಡುಗಿ ಯಾಕೆ ವಿಮಾನ ಹತ್ತಬೇಕು?" ಎಂದು ಅವರು ವಾದಿಸಿದರೆ, ಕಾಪುವಿಗೆ ಮದುವೆ ಮಾಡಿಕೊಟ್ಟ ಮಗಳು ಒಲಿಂಡಾ ನಗುತ್ತಿದ್ದಳು.

"ಮಮ್ಮಿ, ನನ್ನ ಚೊಚ್ಚಲ ಬಾಣಂತನಕ್ಕೆ ನನ್ನ ಅತ್ತೆ ಇದನ್ನೇ ಹೇಳ್ಲಿಕ್ಕೆ ಕಾಪುವಿಂದ ಬಂದಿದ್ದರು, ನೆನಪುಂಟಾ? ಕಾಪುವಿಂದಲೂ ಮಣಿಪಾಲ ಹತ್ತಿರವೇ. ನೀವು ಅವರಿಗೆ ಕಾಫಿ ಮುಗಿಸ್ಲಿಕ್ಕೂ ಬಿಡಲಿಲ್ಲ."

ನೆನಪಿಲ್ಲದೆ ಏನು? "ಇಲ್ಲ ಬಾಯಿ, ಕೊಡುವುದಿಲ್ಲ. ಮೊದಲ ಬಾಣಂತನ ತಾಯಿಮನೆಯದ್ದು," ಎಂದು ತಾವೇ ಅಂದದ್ದು, ಅಂಗಳಕ್ಕೆ ಕೇಳುವ ಹಾಗೆ.

"ಅದು ಬೇರೆ, ಇದು ಬೇರೆ," ಎಂದರು ಅಪೊಲೋನಿಯಾ ಬಾಯಿ.

ಆಲ್ಫೋನ್ಸನಿಗೆ ಮಧ್ಯಸ್ಥಿಕೆ ವಹಿಸು ಎಂದರೆ ಅವನು ಎರಡೂ ಕೈ ಎತ್ತಿದ. "ಇಬ್ಬರು ತಾಯಂದಿರ ನಡುವೆ ನಿಲ್ಲುವ ಇಂಜಿನಿಯರಿಂಗ್ ನಾನು ಕಲಿತಿಲ್ಲ." ನೀವೇ ಕಲಿತು ಹೇಳಿ ಎಂದು ಅವನೊಂದು ರಷ್ಯನ್ ಪುಸ್ತಕ ತಂದಿಟ್ಟ. ಹಾಲಿನಾ ಅದನ್ನು ಮುಚ್ಚಿ ಅತ್ತೆಯತ್ತ ತಿರುಗಿದಳು.

"ಮಾಂಯ್, ರಷ್ಯನ್ ನಮಗೆ ಆಫೀಸಿನ ಭಾಷೆ. ನಿಮಗೆ ಕನ್ನಡ ಇದ್ದ ಹಾಗೆ. ಮನೆಯಲ್ಲಿ ನೀವು ಕೊಂಕಣಿ ಮಾತಾಡ್ತೀರಲ್ವಾ? ನನ್ನ ಅಮ್ಮ ಬೆಲರೂಸಿ ಮಾತಾಡ್ತಾರೆ. ಅಮ್ಮನ ಮನಸ್ಸಿಗೆ ಮುಟ್ಟಬೇಕಾದರೆ ಅದೇ ಬೇಕು."

ಹಾಗೆ, ಅತ್ತೆಯ ಯುದ್ಧಕ್ಕೆ ಸೊಸೆಯೇ ಕತ್ತಿ ಮಸೆದು ಕೊಡುವ ಏರ್ಪಾಡು ಶುರುವಾಯಿತು. ಪಾಠ ಒಲೆಯ ಮುಂದೆ, ಬಟಾಟೆ ಸುಲಿಯುತ್ತ. ಬಟಾಟೆಗೆ ಅಲ್ಲಿ ಬುಲ್ಬಾ ಎನ್ನುತ್ತಾರೆ. ನಮಗೆ ಮೀನು ಹೇಗೋ ಅವರಿಗೆ ಬುಲ್ಬಾ ಹಾಗೆ. 'ದೋಬ್ರಿ ಜೇನ್' ಎಂದರೆ ನಮಸ್ಕಾರ, 'ಜ್ಯಾಕುಯಿ' ಎಂದರೆ ಉಪಕಾರವಾಯಿತು, 'ಕಾಲಿ ಲಾಸ್ಕಾ' ಎಂದರೆ ದಯವಿಟ್ಟು.

"ಅದೆಲ್ಲ ಇರಲಿ ಮಗಾ. ಕೊಡುವುದಿಲ್ಲ ಅಂತ ಹೇಗೆ?"

"ದಾಮ್ ಅಂದರೆ ಕೊಡ್ತೇನೆ. ನ್ಯೇ ದಾಮ್ ಅಂದರೆ ಕೊಡುವುದಿಲ್ಲ." ಹಾಲಿನಾ ತುಟಿ ಕಚ್ಚಿ ನಗು ತಡೆದಳು. ಅಪೊಲೋನಿಯಾ ಬಾಯಿ ಕಾಗೆಗೆ, ಬೆಕ್ಕಿಗೆ, ಮೀನು ಹೊತ್ತು ತರುವ ಅಮ್ಮಣ್ಣಿಗೆ, ಎಲ್ಲರಿಗೂ 'ನ್ಯೇ ದಾಮ್' ಹೇಳಿ ನಾಲಗೆ ಹದ ಮಾಡಿಕೊಂಡರು. ಅಮ್ಮಣ್ಣಿ ಅದು ದರ ಇಳಿಸುವ ಹೊಸ ಉಪಾಯವೆಂದು ತಿಳಿದು ಒಂದು ಬಂಗುಡೆ ಹೆಚ್ಚಿಗೆ ಹಾಕಿ ಹೋದಳು.

ಅಪೊಲೋನಿಯಾ ಬಾಯಿ ಕಲಿಯುವ ಕ್ರಮ ಒಂದೇ. ಬಾಲ್ಯದಲ್ಲಿ ಅಜ್ಜಿಯ ಮಡಿಲಲ್ಲಿ ಕುಳಿತು ಕೇಳಿ ಕೇಳಿಯೇ ಉಪವಾಸಕಾಲದ ಪದ್ಯಗಳೆಲ್ಲ ಬಾಯಿಗೆ ಬಂದವರು ಅವರು. ಹೇಳುವವರ ಸಾಲು, ಎದುರುತ್ತರ ಕೊಡುವವರ ಸಾಲು, ಎರಡೂ ಒಂದೇ ಉಸಿರಿನಲ್ಲಿ. ಹಾಲಿನಾ ಕಲಿಸಿದ ಸಂಭಾಷಣೆಯನ್ನೂ ಹಾಗೆಯೇ ಕಂಠಕ್ಕಿಳಿಸಿದರು. ಅವಳು ನಿಲ್ಲಿಸಿದಲ್ಲಿ ನಿಲ್ಲಿಸಿ, ಉಸಿರೆಳೆದಲ್ಲಿ ಉಸಿರೆಳೆದು, ಸಂಜೆ ಜಪಮಾಲೆ ಹಿಡಿದು ಹೇಳುವ ತೇರ್ಸಿನ ಪ್ರಾರ್ಥನೆಯ ರಾಗದಲ್ಲಿ. ಬ್ಯಾಪ್ಟಿಸ್ಟ್ ಪೊರ್ಬುಗಳು ಜಗಲಿಯಿಂದ "ಮಿನ್ಸ್ಕ್, ಮಿನ್ಸ್ಕ್, ಹ್ರೋದ್ನಾ! ಹಿಂದೆ ಸೀಟುಂಟು!" ಎಂದು ಕೂಗಿ ತಾವೂ ಕಲಿಯುತ್ತಿದ್ದೇನೆಂದು ತೋರಿಸುತ್ತಿದ್ದರು.

ಭಾಷೆಯ ಜೊತೆಗೆ ಪದ್ಧತಿಗಳೂ ಬಂದವು. ಬಂದವರನ್ನು ಬ್ರೆಡ್ಡು ಮತ್ತು ಉಪ್ಪು ಕೊಟ್ಟು ಎದುರುಗೊಳ್ಳಬೇಕು. ಹೊಸ್ತಿಲಿನ ಆಚೆ ಈಚೆ ನಿಂತು ಕೈ ಕುಲುಕಬಾರದು, ಜಗಳವಾಗುತ್ತದೆ. ಇದು ಅಪೊಲೋನಿಯಾ ಬಾಯಿಯ ಮನಸ್ಸಿನಲ್ಲಿ ಚೆನ್ನಾಗಿ ನಾಟಿತು. ಜಗಳ ಹೇಗೂ ಇರುವುದೇ, ಹೊಸ್ತಿಲ ಮೇಲೆ ಯಾಕೆ ಶುರುವಾಗಬೇಕು?

ಯಾದ್ವಿಗಾ ಬರುವ ದಿನ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಕರಿಯ ಬ್ರೆಡ್ಡು ಸಿಹಿ, ಅದಕ್ಕೆ ಉಪ್ಪು ಕೂಡುವುದಿಲ್ಲವೆಂದು ಅಪೊಲೋನಿಯಾ ಬಾಯಿ ಬೆಳಿಗ್ಗೆ ತಾವೇ ಬೇಯಿಸಿದ ಸಾನ್ನಾವನ್ನು, ಆ ಮೆತ್ತಗಿನ ಅಕ್ಕಿಯ ಕಡುಬನ್ನು, ಕಸೂತಿ ಬಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಚಿಟಿಕೆ ಉಪ್ಪಿಟ್ಟು ತಂದಿದ್ದರು. ಮುಂಬಯಿಯ ಬಸ್ಸು ಬಂತು. ಅತ್ತೆಯನ್ನು ಕರೆತರಲು ಮುಂಬಯಿಗೆ ಹೋಗಿದ್ದ ಆಲ್ಫೋನ್ಸ್ ಹಿಂದಿನಿಂದ ಪೆಟ್ಟಿಗೆ ಹೊತ್ತಿದ್ದ. ಮುಂದೆ, ಬಾಗಿಲ ಮೆಟ್ಟಿಲಿನಲ್ಲಿ, ತಲೆಗೆ ಹೂವಿನ ಚೌಕವಸ್ತ್ರ ಕಟ್ಟಿದ ಗುಂಡುಮುಖದ ಹೆಂಗಸು. ಕೆಳಗೆ ನಿಂತ ಅಪೊಲೋನಿಯಾ ಬಾಯಿಯನ್ನು ಕಂಡು ಮುಖವರಳಿಸಿ ಕೈ ಚಾಚಿದರು.

ಅಪೊಲೋನಿಯಾ ಬಾಯಿ ಕೈ ಹಿಂದೆ ಎಳೆದುಕೊಂಡರು. ಬಸ್ಸಿನ ಬಾಗಿಲೂ ಬಾಗಿಲೇ ಅಲ್ಲವೇ!

ಕೈ ಹಿಡಿಯದೆ ಇಳಿಯುವುದು ಹೇಗೆಂದು ಯಾದ್ವಿಗಾ ಮೇಲೆಯೇ ನಿಂತರು. ಹಿಂದೆ ಜನ ಒತ್ತಿದರು. "ಎಂತ ಬಾಯಿ ಇದು, ಆರತಿ ಎತ್ತುವುದಾದರೆ ಕೆಳಗೆ ಇಳಿಸಿ ಎತ್ತಿ!" ಎಂದ ಕಂಡಕ್ಟರ್. ಕೊನೆಗೆ ಅವನೇ ರಟ್ಟೆ ಹಿಡಿದು ಇಳಿಸಿದ. ಕಾಲು ನೆಲ ಮುಟ್ಟಿದ್ದೇ ತಡ, ಅಪೊಲೋನಿಯಾ ಬಾಯಿ ಸಾನ್ನಾ ಚಾಚಿ, ಕಣ್ಣು ಮುಚ್ಚಿ ಆರಂಭಿಸಿದರು:

"ದೋಬ್ರಿ ಜೇನ್. ದೋಬ್ರಿ ಜೇನ್. ಯಾಕ್ ವಾಸ್ ಜವೂತ್ಸ್? ಮ್ಯಾನೆ ಜವೂತ್ಸ್ ಹಾಲಿನಾ. ಅತ್ಕೂಲ್ ವೀ? ಯಾ ಝ್ ಹ್ರೋದ್ನಾ. ಬುಲ್ಬು ಬೂಜೆತ್ಸೆ? ಬೂದು, ಜ್ಯಾಕುಯಿ."

ಅಂದರೆ, ನಮಸ್ಕಾರ, ನಮಸ್ಕಾರ, ನಿಮ್ಮ ಹೆಸರೇನು, ನನ್ನ ಹೆಸರು ಹಾಲಿನಾ, ಎಲ್ಲಿಯವರು, ನಾನು ಹ್ರೋದ್ನಾದವಳು, ಬಟಾಟೆ ಬೇಕೇ, ಬೇಕು, ಉಪಕಾರವಾಯಿತು.

ತಮ್ಮ ಮಗಳ ಹೆಸರನ್ನೂ ತಮ್ಮ ಊರನ್ನೂ ತಮ್ಮದೆಂದು ಹೇಳಿ, ಬಟಾಟೆಯನ್ನೂ ತಾವೇ ಕೇಳಿ ತಾವೇ ಒಪ್ಪಿಕೊಂಡ ಈ ಸೀರೆಯ ಹೆಂಗಸನ್ನು ಯಾದ್ವಿಗಾ ಕಣ್ಣು ಬಿಟ್ಟು ನೋಡಿದರು. ತಾವೆಲ್ಲೋ ಸಾಲು ತಪ್ಪಿದೆವೆಂದು ಅಪೊಲೋನಿಯಾ ಬಾಯಿಗೆ ತೋರಿತು. ಕಂಠಪಾಠ ತಪ್ಪಿದರೆ ನಡುವಿನಿಂದ ಹಿಡಿಯಲು ಬರುವುದಿಲ್ಲ, ಮೊದಲಿನಿಂದಲೇ ಬರಬೇಕು. ಬಂದರು.

"ದೋಬ್ರಿ ಜೇನ್."

ಈ ಸಲ ಅವರು ಉಸಿರೆಳೆಯುವ ಆ ಚೂರು ಬಿಡುವಿನಲ್ಲಿ ಯಾದ್ವಿಗಾ, ತಾವೂ ಇಗರ್ಜಿಯಲ್ಲಿ ಎದುರುತ್ತರ ಹೇಳಿ ಬೆಳೆದವರು, ಅದೇ ರಾಗ ಹಿಡಿದು ತಮ್ಮ ಸಾಲನ್ನು ಎತ್ತಿಕೊಂಡರು: "ದೋಬ್ರಿ ಜೇನ್." ಒಬ್ಬರು ಕೇಳಿದರು, ಒಬ್ಬರು ಹೇಳಿದರು. 'ಬೂದು, ಜ್ಯಾಕುಯಿ' ಎನ್ನುವಾಗ ಯಾದ್ವಿಗಾ ಸಾನ್ನಾ ಮುರಿದು ಉಪ್ಪಿಗೆ ಒತ್ತಿ ಬಾಯಿಗಿಟ್ಟರು. ಪಕ್ಕದಲ್ಲಿ ನಿಂತಿದ್ದ ಪೊರ್ಬುಗಳು ಮೆಲ್ಲನೆ "ಆಮೆನ್" ಎಂದರು.

ಅಲ್ಲಿಗೆ ಕತ್ತಿ ಮೊಂಡಾಯಿತು. ಸಂಜೆಯ ತೇರ್ಸಿಗೆ ಯಾದ್ವಿಗಾ ಮೊಣಕಾಲೂರಿ ತಮ್ಮ ಭಾಷೆಯಲ್ಲೇ ಪ್ರಾರ್ಥಿಸುತ್ತಿದ್ದರು, ಬಾಗಿಲಿಗೆ ಯಾರು ಬಂದರೂ ಅಪೊಲೋನಿಯಾ ಬಾಯಿಗಿಂತ ಮೊದಲೇ ಬೆಲ್ಲ ನೀರು ತಂದಿಡುತ್ತಿದ್ದರು. ಇಂಥ ಬೀಗಿತ್ತಿಯ ಮುಖಕ್ಕೆ 'ನ್ಯೇ ದಾಮ್' ಎನ್ನುವುದು ಹೇಗೆ? ತಾಯಿ ಮಗಳು ಹೊರಡುವ ವಾರ ಬಂದರೂ ಆ ಮಾತು ನಾಲಗೆಗೆ ಬರಲಿಲ್ಲ.

"ಮಗಾ, ಮೆತ್ತಗಿನದು ಒಂದು ಕಲಿಸು," ಎಂದು ಅವರು ಸೊಸೆಯನ್ನು ಕೇಳಿದರು. "ಮಗಳನ್ನು ನಮ್ಮಲ್ಲಿ ಬಿಡಿ, ದಯವಿಟ್ಟು. ಇಷ್ಟೇ."

"ನೀವೇ ಕೇಳ್ತೀರಾ? ನಾನು ಹೇಳ್ಲಾ?"

"ಇಂಥದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿಸಬಾರದು. ಆದರೆ ನಿನ್ನ ಮನಸ್ಸು ಎಂತ?"

"ನನಗೆ ಎರಡೂ ಮನೆ. ಅಮ್ಮ ಬಿಟ್ಟರೆ ಇರ್ತೇನೆ, ಕರೆದರೆ ಹೋಗ್ತೇನೆ," ಎಂದು ಹಾಲಿನಾ ಆ ವಾಕ್ಯ ಕಲಿಸಿದಳು.

ಮಧ್ಯಾಹ್ನ ಜಗಲಿಯಲ್ಲಿ ಬೀಗಿತ್ತಿಯರಿಬ್ಬರೂ ಬಟಾಟೆ ಸುಲಿಯುತ್ತ ಕುಳಿತಿದ್ದರು. ನಡುವೆ ಎರಡು ಲೋಟ ಕಾಫಿ. ಪೊರ್ಬುಗಳು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಹಾಳೆ ಮಾತ್ರ ಮಗುಚುತ್ತಿರಲಿಲ್ಲ. ಅಪೊಲೋನಿಯಾ ಬಾಯಿ ಚೂರಿ ಕೆಳಗಿಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ, ರಾಗವನ್ನೂ ಹಿಡಿಯಲಿಲ್ಲ.

"ಪಕೀಂತ್ಸೆ ದಚ್ಕೂ ಉ ನಾಸ್," ಎಂದರು. ಮಗಳನ್ನು ನಮ್ಮಲ್ಲಿ ಬಿಡಿ ಎಂಬ ಆ ವಾಕ್ಯ. "ಕಾಲಿ ಲಾಸ್ಕಾ."

ಯಾದ್ವಿಗಾ ತಮ್ಮ ಚೂರಿಯನ್ನೂ ಕೆಳಗಿಟ್ಟರು. ಸೆರಗಿನಂತೆ ಜಾರಿದ್ದ ತಲೆಚೌಕವನ್ನು ಸರಿಮಾಡಿಕೊಂಡರು. ಆರುತ್ತಿದ್ದ ಕಾಫಿಯ ಲೋಟವನ್ನೆತ್ತಿ ಅಪೊಲೋನಿಯಾ ಬಾಯಿಯ ಕೈಗಿಟ್ಟು, ಕುಡಿಯಿರಿ ಎಂದು ಸನ್ನೆ ಮಾಡಿದರು. ಪೂರ್ತಿ ಕುಡಿದು ಮುಗಿಸುವ ತನಕ ಕಾದರು. ಆಮೇಲೆ ಬೀಗಿತ್ತಿಯ ಮೊಣಕಾಲಿನ ಮೇಲೆ ಕೈಯಿಟ್ಟು, ಯಾವ ಸೊಸೆಯೂ ಅರ್ಥ ಹೇಳಬೇಕಾಗದ ಹಾಗೆ, ಅಂಗಳಕ್ಕೆ ಕೇಳುವ ಹಾಗೆ ಹೇಳಿದರು:

"ನ್ಯೇ. ನ್ಯೇ ದಾಮ್."