ಕಾಲು ತೊಳೆಯುವ ದೃಶ್ಯ

“ಈ ಮುದುಕಿ ಕಾಲನ್ನ ನಾನು ಮುಟ್ಬೇಕಾ? ನಿಮಗೆಲ್ಲ ತಲೆ ನೆಟ್ಟಗಿದ್ಯಾ?”

ಹಾಲುಗಲ್ಲ ಎದ್ದು ನಿಂತುಬಿಟ್ಟ. ಅವನ ಮುಂದೆ ನೀರು ತುಂಬಿದ ಹಿತ್ತಾಳೆ ಬೋಗುಣಿ, ಅದರಾಚೆ ಕುರ್ಚಿ, ಕುರ್ಚಿಯಲ್ಲಿ ನನ್ನ ಅತ್ತೆ. ಸ್ಟುಡಿಯೋದ ನೆಲ ಗುಡಿಸುತ್ತಿದ್ದವಳ ಕೈಯಿಂದ ಪೊರಕೆ ಕಿತ್ತಿಟ್ಟು ಕರೆತಂದು ಕೂರಿಸಿದ್ದರು. ಜನಕ್ಕೆ ಅವನು ಮಹಾನಟ. ಅವನ ಬೆವರಿನ ಬಟ್ಟೆ ಒಗೆಯುವ ನನಗೂ ನನ್ನಂಥವರಿಗೂ ಅವನು ಹಾಲುಗಲ್ಲ. ಮೊಮ್ಮಗಳ ಮದುವೆಯಾದ ಮೇಲೂ ಕಾಲೇಜು ಹುಡುಗನ ಪಾತ್ರ ಬಿಡದವನಿಗೆ ಬೇರೆ ಯಾವ ಹೆಸರಿಡುವುದು?

“ಸಾರ್, ಈ ದೃಶ್ಯಾನೇ ಸಿನಿಮಾದ ಪ್ರಾಣ,” ಎಂದು ಡೈರೆಕ್ಟರು ಕೈ ಹಿಸುಕಿಕೊಂಡ. “ಸಾಹುಕಾರನ ಮಗ ಕಸ ಗುಡಿಸೋಳ ಕಾಲು ತೊಳೀತಾನೆ. ಜನ ಅತ್ತು ಅತ್ತು ಸಾಯ್ತಾರೆ. ಪ್ರಶಸ್ತಿ ಗ್ಯಾರಂಟಿ.”

ಮಾತೆತ್ತಿದರೆ ಪ್ರಶಸ್ತಿ ಎನ್ನುವುದರಿಂದ ಅವನಿಗೆ ನಾವಿಟ್ಟ ಹೆಸರೂ ಅದೇ.

“ಜನ ಅಳ್ಲಿ ಅಂತ ನಾನು ರೋಗ ಹತ್ತಿಸ್ಕೊಳ್ಲಾ? ನೋಡ್ರೀ ಆ ಹಿಮ್ಮಡಿ! ಹಲ್ಲಿ ಬಂದು ಮೊಟ್ಟೆ ಇಡ್ಬಹುದು ಅದರಲ್ಲಿ.”

ಇಡೀ ಸೆಟ್ಟು ನಕ್ಕಿತು. ನಗದಿದ್ದರೆ ನಾಳೆ ಕರೆಯುವುದಿಲ್ಲವಲ್ಲ. ಹಾಲುಗಲ್ಲ ಚಿಟಿಕೆ ಹೊಡೆದ. ಅವನ ಹಿಂದೆಯೇ ಓಡಾಡುವ ಆಳು ತಗಡಿನ ಡಬ್ಬಿ ತೆರೆದು ಘಮಘಮ ಎನ್ನುವ ಸೋಪು ಹಿಡಿದ. ನಮ್ಮಂಥವರ ಜೊತೆ ನಟಿಸಿದಾಗಲೆಲ್ಲ ಅವನು ಕೈ ತೊಳೆಯುತ್ತಿದ್ದ. ಇವತ್ತು ಮುಟ್ಟದೆಯೇ ತೊಳೆದ.

“ಏನಂತೆ ಕಣೇ ಅವನಿಗೆ?” ಅತ್ತೆ ನನ್ನನ್ನು ಕೇಳಿದಳು. ಅವಳಿಗೆ ಕಿವಿ ಸ್ವಲ್ಪ ಮಂದ.

“ನಿನ್ನ ಕಾಲು ಮುಟ್ಟಲ್ವಂತೆ.”

“ಮುಟ್ಟಪ್ಪಾ ಅಂತ ನಾನೇನು ಗೋಗರೆದ್ನಾ? ಅರ್ಧ ಗುಡಿಸಿದ್ದು ಹಾಗೇ ಬಿದ್ದಿದೆ.”

ಅವಳು ಏಳಹೊರಟಳು. ಮ್ಯಾನೇಜರು ಭುಜ ಒತ್ತಿ ಕೂರಿಸಿದ. “ಎಲ್ಲಿಗೇ ಏಳ್ತೀಯ? ನಿನ್ನ ಮುಖ ಬೇಕು. ತಿಕ ಮುಚ್ಕೊಂಡು ಕೂತ್ಕೋ. ಆಟ ಆಡಿದ್ರೆ ಇವತ್ತೇ ರೂಮು ಖಾಲಿ.”

ರೂಮು ಎಂದರೆ ಸೆಟ್ ಗೋದಾಮಿನ ಹಿಂದೆ ನಾವಿಬ್ಬರೂ ಮಲಗುವ ಜಾಗ. ಒಂದು ಕಡೆ ಗೋಡೆ, ಉಳಿದ ಕಡೆಗೆಲ್ಲ ಹಳೇ ಸಿನಿಮಾ ಸೆಟ್ಟಿನ ಹಲಗೆ. ಬಾಗಿಲು ಮಾತ್ರ ಅರಮನೆಯದು. ಹಾಲುಗಲ್ಲ ರಾಜನಾಗಿದ್ದಾಗ ಒದ್ದು ತೆರೆದದ್ದು. ನನ್ನ ಗಂಡ ಇದೇ ಸ್ಟುಡಿಯೋದಲ್ಲಿ ದೀಪ ಹಿಡಿಯುತ್ತಿದ್ದ. ದೀಪ ಕಟ್ಟಲು ಹತ್ತಿ ನಿಂತಿದ್ದ ಮೇಲಿನ ಹಲಗೆ ಮುರಿದು, ಕೆಳಕ್ಕೆ ಬಿದ್ದು ಸತ್ತ. ಹಲಗೆ ಗೆದ್ದಲು ಹಿಡಿದದ್ದು ಎಲ್ಲರಿಗೂ ಗೊತ್ತಿತ್ತು. ಹೆಣ ಎತ್ತುವ ಮುಂಚೆಯೇ ಮ್ಯಾನೇಜರು ಬಂದು, ಅತ್ತೆ ಸೊಸೆ ಬದುಕಿರೋ ತನಕ ಇಲ್ಲೇ ಇರಿ, ಪೋಲೀಸು ಗೀಲೀಸು ಅಂತ ಹೋಗಬೇಡಿ ಎಂದಿದ್ದ. ಆ ಬಾಯಿಮಾತಿನ ಮೇಲೆ ನಮ್ಮ ಸೂರು ನಿಂತಿತ್ತು. ಅದು ಹೋದರೆ ನಮಗೆ ರಸ್ತೆಯೇ ಗತಿ.

ಅತ್ತೆ ಕೂತಳು.

ಪ್ರಶಸ್ತಿಗೆ ಉಪಾಯ ಹೊಳೆಯಿತು. ಮುಖ ಅತ್ತೆಯದು, ಕಾಲು ಬೇರೆಯವರದು. ಗುಂಪಿನಲ್ಲಿ ಕುಣಿಯುವ ಹುಡುಗಿಯೊಬ್ಬಳನ್ನು ಕರೆಸಿದರು. ಬೆಣ್ಣೆಯಂಥ ಕಾಲು. ಅದಕ್ಕೆ ಬಿರುಕು ಬರೆಯಬೇಕು, ಅತ್ತೆಯ ಕಾಲಿನ ಹಾಗೆ. ಮೇಕಪ್ಪಿನವನು ಎರಡು ಸ್ಟೂಲು ಹಾಕಿ, ಒಂದರ ಮೇಲೆ ಅವಳ ಕಾಲು, ಇನ್ನೊಂದರ ಮೇಲೆ ಅತ್ತೆಯ ಕಾಲು ಇಡಿಸಿ, ಇದನ್ನು ನೋಡಿ ಅದರ ಮೇಲೆ ಮೇಣ, ಅಂಟು, ಕಂದು ಬಣ್ಣ ಮೆತ್ತಿದ. ಮೊಳೆ ಚುಚ್ಚಿದ ಕಲೆ, ಸುಣ್ಣ ತಿಂದ ಸಂದು, ದೀಪದ ಕಂಬ ಬಿದ್ದು ಉಗುರು ಹೋದ ಹೆಬ್ಬೆರಳು, ಒಂದನ್ನೂ ಬಿಡಲಿಲ್ಲ. ಅತ್ತೆಗೆ ಜೀವಮಾನ ಹಿಡಿದದ್ದನ್ನು ಅವನು ಊಟದ ಹೊತ್ತಿಗೆ ಮುಗಿಸಿದ.

“ಅಜ್ಜಿ, ನಿಮಗೆ ನೋಯಲ್ವಾ ಇದು?” ಎಂದಳು ಹುಡುಗಿ.

“ನೋಯುತ್ತೆ ಮಗಾ. ನಿಂಗೆ ಬರೀ ಬಣ್ಣ, ತೊಳೆದ್ರೆ ಹೋಗುತ್ತೆ.”

ಆ ಕಾಲನ್ನು ಹಾಲುಗಲ್ಲ ತೊಳೆದೇ ತೊಳೆದ! ಕಟ್ ಎಂದರೂ ಬಿಡಲಿಲ್ಲ. ಇನ್ನೊಂದು ಸಲ ತೆಗೆಯೋಣ, ಭಾವ ಸಾಲದು ಎಂದು ತಾನೇ ಹೇಳಿದ. ಅವನ ಕೈ ಪಾದ ಬಿಟ್ಟು ಮೊಣಕಾಲಿನತ್ತ ಹತ್ತುತ್ತಿತ್ತು. ಹುಡುಗಿ ಹಲ್ಲು ಕಚ್ಚಿಕೊಂಡು ಸೀರೆ ಕೆಳಕ್ಕೆಳೆಯುತ್ತಿದ್ದಳು. ಕ್ಯಾಮೆರಾದಲ್ಲಿ ಕಣ್ಣಿಟ್ಟಿದ್ದ ಪ್ರಶಸ್ತಿ, “ಅಬ್ಬಾ, ನಿಜವಾದ ಬದುಕು ಅಂದ್ರೆ ಇದು!” ಎಂದು ಕೂಗಿದ. ಥೂ, ಇವನ ಬದುಕಿಗಿಷ್ಟು!

ಆಮೇಲೆ ಅತ್ತೆಯ ಮುಖದ ಸರದಿ.

“ಅಜ್ಜಿ, ದೇವರಂಥ ಮನುಷ್ಯ ನಿನ್ನ ಕಾಲು ತೊಳೀತಿದ್ದಾನೆ. ನೋಡಿ ಅಳ್ಬೇಕು.”

ಅತ್ತೆ ಖಾಲಿ ಬೋಗುಣಿ ನೋಡಿದಳು. “ಎಲ್ಲಿದ್ದಾರೆ?”

“ಊಟಕ್ಕೆ ಹೋಗಿದ್ದಾರೆ. ನೀನು ಇದ್ದಾರೆ ಅಂದ್ಕೋ.”

ಅವಳಿಗೆ ನಗು ಬಂತು. ತಡೆಯಲು ಹೋಗಿ ಇನ್ನೂ ಜೋರಾಯಿತು. ನನಗೂ ಬಂತು. ಮ್ಯಾನೇಜರು, “ಬೋಳಿ ಮಕ್ಳಾ, ಫಿಲ್ಮು ನಿಮ್ಮಪ್ಪ ಕೊಡ್ಸಿದ್ನಾ?” ಎಂದು ಅವಳ ಗಲ್ಲ ಹಿಡಿದೆತ್ತಿ ಕಣ್ಣಿಗೆ ಗ್ಲಿಸರಿನ್ ಬಿಟ್ಟ. ಉರಿಗೆ ಅವಳು ಒದ್ದಾಡಿಹೋದಳು. ನೀರು ಧಾರೆಯಾಗಿ ಇಳಿಯಿತು. ಪ್ರಶಸ್ತಿ ಕರವಸ್ತ್ರ ತೆಗೆದು ತನ್ನ ಕಣ್ಣೂ ಒರೆಸಿಕೊಂಡ. ನಾನು ಸೆರಗು ಒದ್ದೆ ಮಾಡಿಕೊಂಡು, ಕಟ್ ಎನ್ನಲೆಂದು ಕಾದೆ.

ಸಿನಿಮಾ ಬಿಡುಗಡೆಗೆ ಮುಂಚೆ ಪತ್ರಿಕೆಯವರು ಬಂದರು. ಪ್ರಶಸ್ತಿ ಅಷ್ಟರಲ್ಲಿ ಎಲ್ಲ ಕಡೆ, ನನ್ನ ಮುದುಕಿ ನಟಿ ಅಲ್ಲ, ನಿಜವಾದ ಕಸ ಗುಡಿಸೋಳು, ಮಹಾನಟರು ಆಕೆಯ ಕಾಲು ತೊಳೆದಿದ್ದಾರೆ ಎಂದು ಡಂಗುರ ಹೊಡೆದಿದ್ದ. ಈಗ ಅವರಿಗೆ ಆ ಚಿತ್ರವೇ ಬೇಕು. ಒಂದೇ ಫೋಟೋದಲ್ಲಿ ಅವನು, ಅವಳ ಮುಖ, ಅವಳ ಕಾಲು. ಅಲ್ಲಿ ಯಾರ ಕಾಲನ್ನೂ ತಂದು ಅಂಟಿಸುವ ಹಾಗಿರಲಿಲ್ಲ.

ಮತ್ತೆ ಕುರ್ಚಿ, ಬೋಗುಣಿ. ನನ್ನ ಕೈಗೆ ಚೊಂಬು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದರು. ಮ್ಯಾನೇಜರು ನನ್ನ ಕಿವಿಯಲ್ಲಿ, “ನಿನ್ನತ್ತೆ ಬಾಯಿ ಬಿಚ್ಚಿದ್ರೆ ರೂಮಿನ ಹಲಗೆ ಈಗ್ಲೇ ಕೀಳಿಸ್ತೀನಿ. ಆಳುಗಳು ಅಲ್ಲೇ ನಿಂತಿದ್ದಾರೆ,” ಎಂದ.

ಹಾಲುಗಲ್ಲ ಬಂದ. ಕ್ಯಾಮೆರಾಗಳನ್ನು ಕಂಡ. ಮಂಡಿಯೂರಿ ಅತ್ತೆಯ ಕಾಲು ಹಿಡಿದೇಬಿಟ್ಟ! “ಅಮ್ಮಾ! ನಾನು ನಿನ್ನ ಮಗ ಕಣಮ್ಮಾ!” ಗ್ಲಿಸರಿನ್ ಇಲ್ಲದೆ ಅವನ ಕಣ್ಣಲ್ಲಿ ನೀರು ಬಂತು. ನಲ್ಲಿ ತಿರುಗಿಸಿದ ಹಾಗೆ ಬರುತ್ತದೆ ಅವನಿಗೆ. ಬಲ್ಬುಗಳು ಫಳ್ ಫಳ್ ಎಂದವು. ಒಬ್ಬ ಪತ್ರಕರ್ತ ಮೂಗು ಸೀದಿದ. ಹತ್ತಿರವಿದ್ದ ನನಗೆ ಮಾತ್ರ ಕಾಣುತ್ತಿತ್ತು, ಅಂಗೈ ತಾಗದ ಹಾಗೆ ಬೆರಳ ತುದಿಯಲ್ಲಿ ಹಿಡಿದಿದ್ದ, ಸತ್ತ ಇಲಿಯ ಬಾಲ ಹಿಡಿಯುವ ಹಾಗೆ. ಮುಖ ನಗುತ್ತಲೇ ಇತ್ತು. ಹಲ್ಲಿನ ಸಂದಿಯಿಂದ, “ಸಾಕು, ಕಾಲು ತೆಗಿಯೇ ಮುದುಕಿ, ನಾರ್ತಿದೆ,” ಎಂದ.

ಈ ಸಲ ಅತ್ತೆಗೆ ಚೆನ್ನಾಗಿಯೇ ಕೇಳಿಸಿತು.

ಅವನು ಎದ್ದ. ಚಪ್ಪಾಳೆ ಬಿತ್ತು. ಆಳು ಮರೆಯಲ್ಲಿ ಸೋಪಿನ ಡಬ್ಬಿ ತೆರೆದ.

“ಮಗನೇ,” ಎಂದಳು ಅತ್ತೆ, ಎಲ್ಲರಿಗೂ ಕೇಳುವ ಹಾಗೆ.

ಆಶೀರ್ವಾದ ಮಾಡುತ್ತಾಳೆಂದು ಕ್ಯಾಮೆರಾಗಳು ಮತ್ತೆ ಎದ್ದವು. ಹಾಲುಗಲ್ಲ ಕೈಮುಗಿದು ತಿರುಗಿದ.

“ಆ ಸೋಪು ಇತ್ಲಾಗೆ ಕೊಡು.”

“ಯಾಕಮ್ಮಾ?”

“ನೀನು ಮುಟ್ಟಿದ್ಯಲ್ಲಪ್ಪಾ. ತೊಳ್ಕೋಬೇಕು.”

ಅತ್ತೆ ಕೈ ಚಾಚಿದಳು. ಆಳು ಒಮ್ಮೆ ಧಣಿಯನ್ನು ನೋಡಿದ, ಒಮ್ಮೆ ಅವಳನ್ನು. ಸೋಪನ್ನು ಅವಳ ಕೈಗೇ ಹಾಕಿದ. ಮ್ಯಾನೇಜರು ಗೋದಾಮಿನ ಕಡೆ ಕೈ ಬೀಸಿದ್ದನ್ನು ನಾನು ನೋಡಿದೆ. ಅತ್ತೆಯೂ ನೋಡಿದಳು.

“ನೀರು ಹಾಕೇ,” ಎಂದಳು ನನಗೆ.

ಅರಮನೆಯ ಬಾಗಿಲು ನೆನಪಾಯಿತು. ಅದರ ಹಿಂದಿನ ನಮ್ಮ ಚಾಪೆ, ಗೂಟಕ್ಕೆ ತೂಗುಹಾಕಿದ ಗಂಡನ ಅಂಗಿ ನೆನಪಾಯಿತು. ನಾನು ನೀರು ಹೊಯ್ದೆ.

ಅವಳು ಬಗ್ಗಿ ಉಜ್ಜಿದಳು. ಪಾದ, ಹಿಮ್ಮಡಿ, ಅವನ ಬೆರಳು ತಾಗಿದ ಕಡೆಯೆಲ್ಲ. ಬಿರುಕುಗಳಲ್ಲಿ ನೊರೆ ತುಂಬಿಕೊಂಡಿತು. ಮೊದಲು ಒಂದು ಬಲ್ಬು ಮಿಂಚಿತು, ಆಮೇಲೆ ಎಲ್ಲವೂ. “ಫೋಟೋ ನಿಲ್ಸಿ, ನಿಲ್ಸಿ!” ಎಂದು ಪ್ರಶಸ್ತಿ ಅಡ್ಡಾದಿಡ್ಡಿ ಓಡಾಡುತ್ತಿದ್ದ. ಗೋದಾಮಿನ ಕಡೆಯಿಂದ ಹಲಗೆಯ ಮೊಳೆ ಕೀಳುವ ಸದ್ದು ಶುರುವಾಗಿತ್ತು.

“ಇನ್ನೊಂದು ಚೊಂಬು ಹಾಕು,” ಎಂದಳು ಅತ್ತೆ, ತಲೆ ಎತ್ತದೆ. “ಇನ್ನೂ ಹೋಗಿಲ್ಲ.”

ಹಾಕಿದೆ.