ಅಲೆ ಒಡೆಯದ ಜಾಗ

"ದಡದ ಕಡೆ ಅಲ್ಲ ಪುಟ್ಟಿ, ಅಡ್ಡ ಈಜು! ಅಡ್ಡ!"

ಕೂಗುತ್ತಲೇ ಲೈಫ್‌ಗಾರ್ಡ್ ಹುಡುಗಿ ಟ್ಯೂಬು ಹಿಡಿದು ನೀರಿಗೆ ಹಾರಿದಳು. ಅಲ್ಲಿ ಮುಳುಗಿ ಏಳುತ್ತಿದ್ದವಳು ನನ್ನ ತಮ್ಮನ ಮಗಳು. ಮೂವತ್ತು ವರ್ಷ ದೋಣಿ ನಡೆಸಿದ ನಾನು ಮೊಣಕಾಲುದ್ದ ನೀರಿನಲ್ಲಿ ಕಂಬದ ಹಾಗೆ ನಿಂತಿದ್ದೆ.

ಮಗುವನ್ನು ದಡಕ್ಕೆ ತಂದಳು. ಮಗು ಕೆಮ್ಮಿತು, ಉಪ್ಪುನೀರು ಕಕ್ಕಿತು, ಜೋರಾಗಿ ಅತ್ತಿತು. ಆ ಅಳು ಕೇಳಿ ನಮಗೆ ಹೋದ ಜೀವ ಬಂತು.

"ಅಲ್ಲಿ ಇಳಿ ಅಂತ ಹೇಳಿದ್ಯಾರು?" ಲೈಫ್‌ಗಾರ್ಡ್ ಕೇಳಿದಳು.

ಮಗುವನ್ನು ತಬ್ಬಿ ಕೂತಿದ್ದ ತಮ್ಮನ ಹೆಂಡತಿ ನನ್ನತ್ತ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

"ನಾನೇ," ಅಂದೆ. "ಆಚೀಚೆ ಅಲೆ ಬೆಳ್ಳಗೆ ಒಡೀತಿದೆ, ನಡುವೆ ಶಾಂತವಾಗಿದೆ. ನಾವು ದೋಣಿ ಇಳಿಸೋದೂ ಅಲ್ಲೇ ಕಣಮ್ಮ. ಹುಟ್ಟು ಹಾಕದಿದ್ರೂ ನೀರೇ ಹೊರಗೆ ಒಯ್ಯುತ್ತೆ."

"ದೋಣಿನ ಒಯ್ಯೋ ನೀರು ಮಗೂನ ಬಿಡುತ್ತಾ ಅಣ್ಣ?"

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ಜಂಭ ಸಾಯಲಿಲ್ಲ. "ಅಲೆ ದಡಕ್ಕೆ ತಾನೇ ತಳ್ಳೋದು?"

"ದೂರದಲ್ಲಿ ತೇಲ್ತಿರೋ ಆ ಹಕ್ಕಿ ನೋಡಿ. ಅಲೆ ಮುಂದೆ ಸಾಗ್ತಿದೆ, ಹಕ್ಕಿ ಹೆಚ್ಚುಕಮ್ಮಿ ಇದ್ದಲ್ಲೇ ಏಳುತ್ತೆ, ಇಳಿಯುತ್ತೆ. ಅಲೆ ಒಡೆದ ಮೇಲೇನೇ ನೀರು ಕಲಕಿಕೊಂಡು ದಡಕ್ಕೆ ನುಗ್ಗೋದು. ಬಂದ ನೀರು ನೆಂಟರ ಥರ ಇಲ್ಲೇ ಠಿಕಾಣಿ ಹೂಡುತ್ತಾ? ಆಳ ಇರೋ ಕಡೆಯಿಂದ ವಾಪಸ್ ಓಡುತ್ತೆ. ಆಳ ಇರೋದಕ್ಕೇ ಅಲ್ಲಿ ಅಲೆ ಒಡೆಯಲ್ಲ."

ತಮ್ಮನ ಹೆಂಡತಿ ಮಗುವಿನ ತಲೆ ಒರೆಸುತ್ತಲೇ ಮೆಲ್ಲಗೆ ಅಂದಳು: "ನಿಮಗೆ ಕಡಲು ಗೊತ್ತು ಅಂತಾನೇ ಕಳಿಸಿದೆ ಭಾವ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇದನ್ನು ಓದುತ್ತಿರುವವರೇ, ನನ್ನ ಹಾಗೆ ಮಾಡಬೇಡಿ. ಒಡೆಯುವ ಅಲೆಗಳ ನಡುವೆ ಶಾಂತವಾಗಿ ಕಾಣುವ ಪಟ್ಟಿಗೆ ಇಳಿಯಬೇಡಿ. ಲೈಫ್‌ಗಾರ್ಡ್ ತೋರಿಸಿದ ಜಾಗದಲ್ಲಷ್ಟೇ ಇಳಿಯಿರಿ. ಸೆಳೆತಕ್ಕೆ ಸಿಕ್ಕರೆ ಅದರ ಎದುರು ಗುದ್ದಾಡಿ ಸುಸ್ತಾಗಬೇಡಿ. ದಡದ ಉದ್ದಕ್ಕೆ ಅಡ್ಡ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ದಡದಲ್ಲಿದ್ದವರು ಕಾಪಾಡಲೆಂದು ನೀರಿಗೆ ಹಾರಬೇಡಿ. ತೇಲುವುದೇನಾದರೂ ಎಸೆಯಿರಿ, ಸಹಾಯಕ್ಕೆ ಕರೆಯಿರಿ.

ಹೊರಡುವಾಗ ಲೈಫ್‌ಗಾರ್ಡ್ ನನ್ನನ್ನು ಪಕ್ಕಕ್ಕೆ ಕರೆದಳು. "ನಾಳೆ ಮೈಕಲ್ಲಿ ಎಲ್ಲರಿಗೂ ಇದನ್ನ ಹೇಳ್ಬೇಕು. ಯಾರೋ ಹೊರಗಿನವರು ತಪ್ಪು ಹೇಳಿದ್ರು ಅಂತೀನಿ. ನಿಮ್ಮ ಮರ್ಯಾದೆ ಯಾಕೆ ಹೋಗ್ಬೇಕು ಅಣ್ಣ?"

"ಬೇಡ," ಅಂದೆ. "ದೋಣಿಯವನೇ ಹೇಳಿದ ಅಂತ ಹೇಳು."